ಹಳೇ ಜಾಬಿನ ಅಳತೆ

ತಪ್ಪು ತನ್ನ ಭೌತಶಾಸ್ತ್ರದಲ್ಲೇ ಇದ್ದರೆ? ಪಿಎಚ್.ಡಿ. ಬಿಡುತ್ತೇನೆಂದು ನಾಳೆ ಗೈಡ್‌ಗೆ ಹೇಳಿಬಿಡುವುದೇ ವಾಸಿ ಎನ್ನಿಸಿತು ಮಹಾಂತೇಶನಿಗೆ. ನಕ್ಷತ್ರಗಳ ನಡುವಿನ ಬಿಸಿ ಅನಿಲದ ಹೊಳಪನ್ನು ಲೆಕ್ಕ ಹಾಕುವ ಹಳೆಯ ಪ್ರೋಗ್ರಾಂ ಒಂದನ್ನು ಅವನು ತನ್ನ ಪ್ರೋಗ್ರಾಂನೊಳಗಿಂದ ನೂರು ಸಲ ಕರೆಯುತ್ತಿದ್ದ. ಮೊದಲ ಉತ್ತರ ಸರಿ ಬರುತ್ತಿತ್ತು, ಆಮೇಲಿನವೆಲ್ಲ ಕೊಂಚ ತಪ್ಪು.

ಬಾಗಲಗುಂಟೆಯಲ್ಲಿ ಅವನ ಬಾಡಿಗೆ ಕೋಣೆಯ ಕೆಳಗಿನ ಮನೆಯಲ್ಲಿರುವ ಇರಣ್ಣ, ಪೀಣ್ಯದ ಕಾರ್ಖಾನೆಯಲ್ಲಿ ಅಳತೆ ತುಂಬಿಸಿದರೆ ತಾನೇ ಲೋಹ ಕೊರೆಯುವ ಸಿಎನ್‌ಸಿ ಮಿಷಿನ್ ನಡೆಸುವವರು. ಆ ಭಾನುವಾರ ಒಗ್ಗರಣೆ ಮಂಡಕ್ಕಿಯ ತಟ್ಟೆ ಹಿಡಿದು ಮೇಲೆ ಬಂದರು.

"ಏನ್ ತಮ್ಮಾ, ನಕ್ಷತ್ರ ಎಲ್ಲಾ ಉದುರಿದಂಗೆ ಕೂತಿದೀಯಲ್ಲ?"

ಅವನು ವಿವರಿಸಿದ.

"ಒಂದೊಂದೇ ಬೇರೆ ಬೇರೆ ಓಡಿಸಿದ್ರೆ?"

"ಸರಿ ಬರುತ್ತೆ ಅಣ್ಣಾ."

"ಹಂಗಾದ್ರೆ ಹಳೇ ಜಾಬಿನ ಅಳತೆ ಒಳಗೇ ಉಳ್ಕೊಂಡಿದೆ. ನಾನೂ ಒಂದ್ಸಲ ಹಿಂದಿನ ಜಾಬಿನ ಅಳತೆ ಮಿಷಿನ್ನಿಂದ ಅಳಿಸದೇ ಹೊಸಾ ಜಾಬಿನ ನಲವತ್ತು ಪೀಸ್ ಗುಜರಿಗೆ ಹಾಕಿದೀನಿ. ವಾರವೆಲ್ಲಾ ಸೂಪರ್‌ವೈಸರ್ ನನ್ನನ್ನ ಗುಜರಿ ಇರಣ್ಣ ಅಂತಲೇ ಕರೆದ!"

ಮಹಾಂತೇಶ ಆ ಹಳೆಯ ಪ್ರೋಗ್ರಾಂನ ಕೈಪಿಡಿ ತೆರೆದ. ಪ್ರತಿ ಕರೆಗೂ ಮುಂಚೆ ಎಲ್ಲವನ್ನೂ ಆರಂಭದ ಸ್ಥಿತಿಗೆ ತರಬೇಕೆಂದು ಅಲ್ಲಿ ಬರೆದಿತ್ತು. ಹಾಗೆ ತರುವ ಸಾಲನ್ನು ಅವನು, ನೂರು ಸಲ ಕರೆಯುವ ಲೂಪಿನ ಹೊರಗೆ, ಒಂದೇ ಸಲ ಬರೆದಿದ್ದ. ಅದನ್ನು ಒಳಕ್ಕೆ ತಂದು ಓಡಿಸಿದ. ನೂರೂ ಉತ್ತರಗಳು ಸರಿಯಾಗಿ ಬಂದವು.

"ಬಂತಾ?"

"ಬಂತು ಅಣ್ಣಾ."

"ಮತ್ತೇನ್ ನೋಡ್ತೀಯ? ತಿನ್ನು, ಮಂಡಕ್ಕಿ ಮೆತ್ತಗಾಗುತ್ತೆ."

ಎರಡು ವರ್ಷದ ನಂತರ ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಗೈಡ್ ಹೆಸರಿನ ಕೆಳಗೇ ಇರಣ್ಣನ ಹೆಸರಿತ್ತು. ಆದರೆ ಆ ಭಾನುವಾರ ತಾನು ಎಲ್ಲವನ್ನೂ ಬಿಡಲು ಸಿದ್ಧನಾಗಿದ್ದೆ ಎಂದು ಅವನು ಇರಣ್ಣನಿಗೆ ಯಾವತ್ತೂ ಹೇಳಲಿಲ್ಲ.