ಅನಾಥರ ಸೀಟು

"ನೀನು ಬದುಕಿದೀಯಲ್ಲಮ್ಮ, ಅದೇ ಇಲ್ಲಿ ತೊಡಕು. ತಲೆಗೆ ಹೋಯ್ತಾ?"

ಶಾಲೆಯ ಮ್ಯಾನೇಜರ್ ಇದನ್ನು ಹೇಳಿದ್ದು ಆಫೀಸಿನ ಕಿಟಕಿಯ ಒಳಗಿನಿಂದ. ಅವಳು ಹೊರಗೆ ನಿಂತಿದ್ದಳು. ರಬ್ಬರ್ ಬೂಟಿನಲ್ಲಿ ನೀರು ತುಂಬಿಕೊಂಡಿದ್ದರಿಂದ ಅವಳನ್ನು ಒಳಗೆ ಬಿಡುವಂತಿರಲಿಲ್ಲ. ಬೂಟು ಒಣಗಿದ್ದಾಗಲೂ ಬಿಟ್ಟಿರಲಿಲ್ಲ ಅನ್ನುವುದು ಬೇರೆ ಮಾತು.

ಡ್ರೈವರುಗಳು ಅವಳನ್ನು ಪೈಪಮ್ಮ ಎಂದು ಕರೆಯುತ್ತಿದ್ದರು. ಬೆಳಗಿನ ಟ್ರಿಪ್ ಮುಗಿಸಿ ಬಂದ ಶಾಲಾ ಬಸ್ಸುಗಳನ್ನು ತೊಳೆಯುವುದು ಅವಳ ಕೆಲಸ. ಹೊರಗಿನ ಕೆಸರು ಸುಲಭ, ಪೈಪ್ ಹಿಡಿದರೆ ಹೋಗುತ್ತದೆ. ಒಳಗಿನದೇ ಕಷ್ಟ. ಸೀಟಿನ ಸಂದಿಗೆ ಮಕ್ಕಳು ಕಕ್ಕಿದ್ದು, ಬೆನ್ನಿಗೆ ಅಂಟಿಸಿದ ಚೂಯಿಂಗ್ ಗಮ್ಮು, ಕಿಟಕಿ ಗಾಜಿಗೆ ಒರೆಸಿದ ಸಿಂಬಳ, ಎಲ್ಲವನ್ನೂ ಉಗುರಿನಿಂದ ಕೆರೆದು ತೆಗೆಯಬೇಕು. ಆರು ವರ್ಷದ ಮಗಳೂ ಜೊತೆಗೇ ಬರುತ್ತಿದ್ದಳು. ಅವರ ಓಣಿಯ ಬಿಟ್ಟಿ ಶಾಲೆಯ ಚಾವಣಿ ಕುಸಿದ ಮೇಲೆ ಅಲ್ಲಿ ಪಾಠ ನಿಂತುಹೋಗಿತ್ತು. ಅಮ್ಮ ತೊಳೆದು ಮುಗಿಸಿದ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತು, ತರಗತಿಗಳಿಂದ ತೇಲಿಬರುವ ಪದ್ಯಗಳನ್ನು ಕೇಳಿಸಿಕೊಂಡು, ಅರ್ಥವಾಗದ ಇಂಗ್ಲಿಷ್ ಪದಗಳನ್ನೂ ಬಿಡದೆ ಒಪ್ಪಿಸುತ್ತಿದ್ದಳು. "ಇವಳನ್ನೂ ಒಂದು ಮೂಲೇಲಿ ಕೂರಿಸ್ಕೊಳ್ಳಿ" ಎಂದು ಪೈಪಮ್ಮ ಕಂಡಕಂಡವರಿಗೆಲ್ಲ ಕೈಮುಗಿದಿದ್ದಳು. ಈವತ್ತು ಮ್ಯಾನೇಜರೇ ಹೇಳಿಕಳಿಸಿದ್ದ.

"ವರ್ಷಕ್ಕೊಂದು ಮಗೂಗೆ ಫ್ರೀ ಸೀಟು ಇದೆ. ದಾನಿಗಳು ಕೊಡೋದು. ಆದ್ರೆ ಅಪ್ಪ ಅಮ್ಮ ಇಬ್ರೂ ಇಲ್ದಿರೋ ಮಗೂಗೆ ಮಾತ್ರ. ಈ ಸಲ ಗೊತ್ತು ಮಾಡಿದ್ದ ಹುಡುಗನ್ನ ಅವನ ಚಿಕ್ಕಪ್ಪ ಯಾವನೋ ಬಂದು ಕರ್ಕೊಂಡು ಹೋಗ್ಬಿಟ್ಟ. ಶುಕ್ರವಾರ ದಾನಿಗಳು ಬರ್ತಾರೆ. ಅಷ್ಟರೊಳಗೆ ಒಂದು ಅನಾಥ ಮಗು ಬೇಕು."

"ನಮ್ ಮಗೀಗೆ ನಾವಿಬ್ರೂ ಇದೀವಲ್ಲ ಸಾರ್."

"ಅದನ್ನೇ ಹೇಳ್ತಿರೋದು. ಇರ್ಬೇಡಿ."

ಅವಳಿಗೆ ಅರ್ಥವಾಗಲಿಲ್ಲ. ಅವನು ದನಿ ತಗ್ಗಿಸಿದ.

"ಸಾಯಿ ಅಂತಿಲ್ಲ ಕಣಮ್ಮ. ಅಪ್ಪ ಅಮ್ಮ ಸತ್ತಿದಾರೆ ಅಂತ ನಿನ್ ಮಗಳು ಹೇಳಿದ್ರೆ ಸಾಕು. ಕಾಗದ ಪತ್ರ, ಡ್ರೈವರುಗಳ ಬಾಯಿ, ಮಿಕ್ಕಿದ್ದೆಲ್ಲ ನಾನು ನೋಡ್ಕೋತೀನಿ. ನಿನ್ ಕೆಲಸ ನಿಂಗೇ ಇರುತ್ತೆ. ಆದ್ರೆ ಗೇಟಿನ ಒಳಗೆ ಅವಳು ಯಾರೋ, ನೀನು ಯಾರೋ. ಮಾತಾಡ್ಸೋದು, ಮೂಗು ಒರ್ಸೋದು, ಏನೂ ಇಲ್ಲ. ಯೋಚ್ನೆ ಮಾಡು. ಮಗಳು ಮನುಷ್ಯಳಾಗ್ಬೇಕಾ, ಇಲ್ಲ ನಿನ್ ಪೈಪು ಹಿಡೀಬೇಕಾ?"

ಸಂಜೆ ಗಂಡ ಮನೆಯ ಮುಂದಿನ ಕಲ್ಲಿನ ಮೇಲೆ ಕೂತು ಸಿಮೆಂಟ್ ತೊಳೆದುಕೊಳ್ಳುತ್ತಿದ್ದ. ಗೋಡೌನಿನಲ್ಲಿ ಚೀಲ ಹೊರುವವನು. ಕಿವಿಯೊಳಗೆ, ಹುಬ್ಬಿನಲ್ಲಿ ಬೂದಿ ಬಣ್ಣ ಕೂತುಬಿಟ್ಟಿತ್ತು. ಅವಳು ಹೇಳಿದ್ದನ್ನು ಕೇಳಿ ಮೊದಲು ಮ್ಯಾನೇಜರನ ವಂಶವನ್ನೆಲ್ಲ ಬೈದು ಮುಗಿಸಿದ. ಆಮೇಲೆ ಮಗಳತ್ತ ನೋಡಿದ. ಅವಳು ಹರಕು ಕ್ಯಾಲೆಂಡರಿನ ಹಿಂಭಾಗದಲ್ಲಿ ಬಸ್ಸಿನ ಮೇಲಿದ್ದ ಶಾಲೆಯ ಹೆಸರನ್ನು ಇದ್ದಲಿನಿಂದ ಬರೆಯುತ್ತಿದ್ದಳು. ಒಂದಕ್ಷರವೂ ತಪ್ಪಿರಲಿಲ್ಲ.

"ಸರಿ, ನಾನು ಹೆಂಗೆ ಸತ್ತೆ?" ಎಂದ.

"ಅದನ್ನ ಅವ್ರು ಹೇಳ್ಲಿಲ್ಲ."

"ಕಾಯಿಲೆ ಬೇಡ. ಕಾಯಿಲೆ ಅಂದ್ರೆ ಮಗೀಗೂ ಅಂಟಿದೆ ಅಂತಾರೆ ಬೋಳಿಮಕ್ಳು. ಲಾರಿ ಅನ್ನು. ಇಬ್ರೂ ಒಂದೇ ಲಾರಿಗೆ ಸಿಕ್ಕಿದ್ರು ಅನ್ನು."

"ನಾನ್ಯಾಕೆ ನಿನ್ ಜೊತೆ ಲಾರಿಗೆ ಸಿಗ್ಲಿ? ನಂಗೇನು ಕಣ್ಣಿಲ್ವಾ?"

"ನನ್ನ ಕಟ್ಕೊಂಡಾಗ ಎಲ್ಲಿತ್ತೇ ಆ ಕಣ್ಣು?"

ಇಬ್ಬರೂ ನಕ್ಕರು. ಅವರು ನಗುವುದನ್ನು ನೋಡಿ ಮಗಳೂ ನಕ್ಕಳು. ಆಮೇಲೆ ಕೇಳಿದಳು:

"ಲಾರಿ ಹೊಡ್ದಾಗ ನೋವಾಯ್ತಾ ಅಪ್ಪಾ?"

ಅವನು ಬಕೆಟ್ಟಿನಲ್ಲಿ ಉಳಿದಿದ್ದ ನೀರನ್ನು ಒಂದೇ ಸಲ ತಲೆಯ ಮೇಲೆ ಸುರಿದುಕೊಂಡು, ಖಾಲಿ ಬಕೆಟ್ಟನ್ನು ಕೆಳಗಿಡದೆ ಹಾಗೇ ಕೂತ.

ಅವಳು ಮಗಳಿಗೆ ಪಾಠ ಹೇಳಿಕೊಟ್ಟಳು.

"ನಿಮ್ಮಮ್ಮ ಎಲ್ಲಿ?"

"ಸತ್ತೋದ್ಳು."

"ಹಂಗನ್ಬಾರ್ದು. ತೀರ್ಕೊಂಡ್ರು ಅನ್ಬೇಕು. ದೊಡ್ಡೋರ ಮುಂದೆ ಮರ್ಯಾದೆ ಕೊಟ್ಟು ಮಾತಾಡು."

"ಅಮ್ಮ ತೀರ್ಕೊಂಡ್ರು."

ಆ ಓಣಿಯಲ್ಲಿ ಅವಳಿಗೆ ಯಾರೂ ಅಷ್ಟು ಮರ್ಯಾದೆ ಕೊಟ್ಟು ಮಾತಾಡಿರಲಿಲ್ಲ.

"ಅಲ್ಲಿ ನನ್ನ ನೋಡಿದ್ರೆ ಏನಂತೀಯಾ?"

"ಅಮ್ಮ."

ಅವಳು ಮಗಳ ತೊಡೆಗೆ ಚಿವುಟಿದಳು. "ಏನಂತೀಯಾ?"

"ಆಂಟಿ."

ಶುಕ್ರವಾರ ಶಾಲೆಯ ದೊಡ್ಡ ಹಾಲಿನ ತುಂಬ ಕುರ್ಚಿ ಹಾಕಿದ್ದರು. ಮಗಳಿಗೆ ಶಾಲೆಯವರೇ ಹೊಸ ಬಟ್ಟೆ, ಬಿಳಿ ಕಾಲುಚೀಲ ತೊಡಿಸಿ ವೇದಿಕೆಯ ಮೇಲೆ ನಿಲ್ಲಿಸಿದ್ದರು. ಪೈಪಮ್ಮನಿಗೆ ಬಸ್ಸಿನ ಶೆಡ್ಡು ಬಿಟ್ಟು ಅಲ್ಲಾಡಬೇಡ ಎಂದು ಹೇಳಿದ್ದರು. ಅವಳು ಕೇಳಲಿಲ್ಲ. ಹಾಲಿನ ಹಿಂಬಾಗಿಲ ಹೊರಗೆ ಬಕೆಟ್ ಇಟ್ಟುಕೊಂಡು, ಏನೋ ಒರೆಸುವವಳ ಹಾಗೆ ಬಗ್ಗಿದ್ದಳು.

ಬಂದ ದಾನಿಗಳು ಒಬ್ಬ ವಯಸ್ಸಾದವರು, ಮೆತ್ತಗಿನ ದನಿ. ಮಗುವಿನ ತಲೆ ಸವರಿದರು. ಅಪ್ಪ ಅಮ್ಮನ ಬಗ್ಗೆ ಕೇಳಿದರು. ಮಗು ಲಾರಿಯ ವಿಷಯ ಹೇಳಿತು, ತೀರ್ಕೊಂಡ್ರು ಎಂದಿತು. ಮುಂದಿನ ಸಾಲಿನ ಹೆಂಗಸರು ಲೊಚಗುಟ್ಟಿದರು. ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು.

"ಅಮ್ಮನ ನೆನಪಾಗುತ್ತಾ ಪುಟ್ಟಾ?" ಎಂದು ಕೇಳಿದರು ದಾನಿಗಳು.

ಈ ಪ್ರಶ್ನೆಗೆ ಉತ್ತರ ಹೇಳಿಕೊಟ್ಟಿರಲಿಲ್ಲ. ಮಗುವಿನ ಕಣ್ಣು ಹಾಲಿನಲ್ಲೆಲ್ಲ ಓಡಾಡಿತು. ಆಮೇಲೆ ಬಿಳಿ ಕಾಲುಚೀಲದ ಮೇಲೆ ಉಚ್ಚೆ ಇಳಿಯಿತು.

"ಏಯ್ ಪೈಪಮ್ಮ! ಎಲ್ಲಿ ಹಾಳಾಗಿ ಹೋದೆ? ಬಟ್ಟೆ ತಗೊಂಡ್ ಬಾ!" ಮ್ಯಾನೇಜರ್ ಬಾಗಿಲಿಗೆ ಬಂದು ಕೂಗಿದ.

ಅವಳು ಓಡಿದಳು. ವೇದಿಕೆಯ ಮೇಲೆ ಮಂಡಿಯೂರಿ ನೆಲ ಒರೆಸಿದಳು. ಕಣ್ಣೆದುರೇ ಮಗಳ ಕಾಲಿತ್ತು. ಒದ್ದೆ ಕಾಲುಚೀಲ ಬಿಚ್ಚಲು ಕೈ ಚಾಚಿದಳು.

"ಮಗೂನ ಮುಟ್ಬೇಡ. ಕೈ ಗಲೀಜು. ನೆಲ ಒರ್ಸಿ ಹೋಗು," ಎಂದ ಮ್ಯಾನೇಜರ್.

ಅವಳು ಎದ್ದಳು. ಮಗಳು ಅವಳ ಮುಖ ನೋಡಿದಳು. ಮಾತು ಸ್ಪಷ್ಟವಾಗಿತ್ತು.

"ಥ್ಯಾಂಕ್ಯೂ ಆಂಟಿ."

ಹಾಲಿನಲ್ಲಿ ಚಪ್ಪಾಳೆ. ದಾನಿಗಳು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ತಾಯಿ ಇಲ್ಲದ ಮಗು. ನೋಡಿ, ಎಂಥ ವಿನಯ," ಎಂದರು. ಸೀಟು ಸಿಕ್ಕಿತು.

ಶಾಲೆ ಶುರುವಾಯಿತು. ಮಗಳು ಗೇಟಿಗೆ ಮುಂಚಿನ ತಿರುವಿನವರೆಗೆ ಅಮ್ಮನ ಜೊತೆ ಬಂದು, ಅಲ್ಲಿ ಕೈ ಬಿಡಿಸಿಕೊಂಡು ತಾನೇ ಒಳಗೆ ಹೋಗುತ್ತಿದ್ದಳು. ಹಿಂತಿರುಗಿ ನೋಡುತ್ತಿರಲಿಲ್ಲ. ಜಾಣೆ ಎಂದುಕೊಂಡಳು ಪೈಪಮ್ಮ. ಕೆಲವು ವಾರ ಕಳೆದ ಮೇಲೆ ಅವಳಿಗೆ ಒಂದು ವಿಷಯ ಗಮನಕ್ಕೆ ಬಂತು. ಮಗಳು ಮನೆಯಲ್ಲೂ ಅಮ್ಮ ಎಂದು ಕರೆಯುತ್ತಿರಲಿಲ್ಲ. "ಹಸಿವಾಗ್ತಿದೆ" ಅನ್ನುತ್ತಿದ್ದಳು. "ನೀರು ಬೇಕು" ಅನ್ನುತ್ತಿದ್ದಳು. ಕಾಲಿಗೆ ಮುಳ್ಳು ಚುಚ್ಚಿದ ದಿನ "ಅಯ್ಯೋ" ಎಂದು ಮಾತ್ರ ಅತ್ತಿದ್ದಳು.

"ಯಾಕೇ, ಅಮ್ಮ ಅನ್ನೋಕೆ ನಾಲಿಗೆ ಬಿದ್ದೋಗಿದ್ಯಾ?"

"ಇಲ್ಲಿ ಅಂದ್ರೆ ಬಾಯ್ತಪ್ಪಿ ಅಲ್ಲೂ ಬಂದ್ಬಿಡತ್ತೆ. ಆಮೇಲೆ ಓಡಿಸಿಬಿಡ್ತಾರೆ."

"ನನ್ನನ್ನಾದ್ರೂ ಅಪ್ಪ ಅನ್ನು ಮಗಾ," ಎಂದ ಗಂಡ. "ನಾನು ಗೇಟಿನ ಹತ್ರಾನೂ ಸುಳಿಯಲ್ಲ."

ಮಗಳು ಯೋಚಿಸಿದಳು. ಆಮೇಲೆ ಆಗಲ್ಲ ಎಂಬಂತೆ ತಲೆಯಾಡಿಸಿದಳು. "ನೀವಿಬ್ರೂ ಒಂದೇ ಲಾರಿ ಅಲ್ವಾ?"

ಅವನು ಅಂಗಿ ಕೂಡ ಹಾಕಿಕೊಳ್ಳದೆ ಎದ್ದು ಹೊರಗೆ ಹೋದ. ಅವಳು ಹಿಂದೆ ಹೋದಾಗ ಗೋಡೆಗೆ ಮುಖ ಮಾಡಿ ನಿಂತಿದ್ದ.

"ಬಿಡಿಸ್ಬಿಡೇ. ಆ ಸುಡುಗಾಡು ಸೀಟು ನಮಗ್ ಬೇಡ."

"ಓದ್ತಿದಾಳೆ ಕಣೋ. ನಿನ್ನೆ ಪುಸ್ತಕ ಹಿಡ್ಕೊಂಡು ಪಟಪಟ ಅಂತ ಓದಿದ್ಳು, ನೀನೂ ಕೇಳ್ದೆ. ಅಮ್ಮ ಅನ್ನದಿದ್ರೆ ಏನಂತೆ, ನಾನೇನು ಸತ್ತೋಗ್ತೀನಾ?"

ಅಂದ ಮೇಲೆ ಅವಳು ತುಟಿ ಕಚ್ಚಿಕೊಂಡಳು.

ಮಳೆ ಬಂದು ನಿಂತಿದ್ದ ಒಂದು ಸೋಮವಾರ ಮೈದಾನದಲ್ಲಿ ಮಕ್ಕಳು ಸಾಲಾಗಿ ನಿಂತಿದ್ದರು. ಪೈಪಮ್ಮ ಬಸ್ಸಿನೊಳಗೆ ಮಂಡಿಯೂರಿ ಸೀಟಿನ ಕೆಳಗೆ ಯಾರೋ ಕಕ್ಕಿದ್ದನ್ನು ಬಟ್ಟೆಗೆ ಬಳಿದುಕೊಳ್ಳುತ್ತಿದ್ದಳು. ಕಂಬದ ಮೇಲಿನ ಲೌಡ್‌ಸ್ಪೀಕರಿನಲ್ಲಿ ಶಾಲೆಯ ದೊಡ್ಡ ಮೇಡಮ್ ಮಾತು ಕೇಳಿಸಿತು. ದಾನಿಗಳು ಬಂದಿದ್ದಾರೆ, ಅವರ ಆಸೆಯಂತೆ ಇನ್ನು ಮೇಲೆ ಪ್ರತಿ ಸೋಮವಾರ ಈ ಪುಟ್ಟ ಹುಡುಗಿಯ ಅಗಲಿದ ತಂದೆತಾಯಿಗಳಿಗಾಗಿ ನಾವೆಲ್ಲ ಪ್ರಾರ್ಥಿಸೋಣ, ಮೊದಲು ಅವಳೇ ಹೇಳುತ್ತಾಳೆ, ಎಲ್ಲರೂ ಕಣ್ಣು ಮುಚ್ಚಿ ಎಂದರು.

ಮೈಕನ್ನು ಕೆಳಕ್ಕೆ ಬಗ್ಗಿಸುವ ಕಿರಕಿರ ಸದ್ದು. ಆಮೇಲೆ ಮಗಳ ದನಿ.

"ದೇವರೇ, ತೀರಿಕೊಂಡ ನನ್ನ ಅಪ್ಪ..."

ನಿಂತಿತು.

"ಹ್ಞೂಂ, ಮುಂದೆ," ಎಂದು ಮೇಡಮ್ ಪಿಸುಗುಟ್ಟಿದ್ದೂ ಮೈಕಿನಲ್ಲಿ ಕೇಳಿಸಿತು.

"ನನ್ನ ಅಮ್ಮ..."

"ಓ!" ಎಂದಳು ಪೈಪಮ್ಮ.

ಅದು ಅವಳು ಯೋಚಿಸಿ ಓಗೊಟ್ಟದ್ದಲ್ಲ. ಎಷ್ಟೋ ವಾರಗಳಿಂದ ಕೇಳದ ಕೂಗು ಕಿವಿಗೆ ಬಿದ್ದ ಕೂಡಲೇ ಬಾಯಿಂದ ಬಂದುಬಿಟ್ಟಿತ್ತು. ಬಟ್ಟೆ ಕೈಯಲ್ಲೇ ಇತ್ತು. ಅವಳು ಬಸ್ಸಿನ ಮೆಟ್ಟಿಲಿಗೆ ಬಂದು ನಿಂತಳು. ಹಿಂದಿನ ಸಾಲಿನ ಮಕ್ಕಳು ಕಣ್ಣು ಬಿಟ್ಟು ತಿರುಗಿ ನೋಡುತ್ತಿದ್ದರು. ಮ್ಯಾನೇಜರ್ ಓಡಿಬಂದ.

"ಬಾಯ್ಮುಚ್ಚೇ ಲೌಡಿ! ಡ್ರೈವರ್ ಕರ್ದ ಅಂತ ಓ ಅಂದೆ ತಾನೆ? ಹೌದು ಅನ್ನು. ಯಾರು ಕೇಳಿದ್ರೂ ಹಂಗೇ ಅನ್ನು. ಮಗಳ ಸೀಟು ಉಳೀಬೇಕೋ ಬೇಡ್ವೋ?"

ಹೌದು ಅಂದಿದ್ದರೆ ಮುಗಿದುಹೋಗುತ್ತಿತ್ತು. ದಾನಿಗಳು ಇನ್ನೂ ಕಣ್ಣು ಮುಚ್ಚಿಕೊಂಡೇ ಇದ್ದರು. ಅವಳಿಗೂ ಅದು ಗೊತ್ತಿತ್ತು. ಹೌದು ಅನ್ನಲು ಬಾಯಿಯನ್ನೂ ತೆರೆದಳು.

"ಅಮ್ಮಾ?"

ಮೈಕಿನಲ್ಲಿ ಬಂತು. ಇದು ಬಾಯಿಪಾಠ ಮಾಡಿದ್ದಲ್ಲ. ಮಗಳು ತುದಿಗಾಲಲ್ಲಿ ನಿಂತು, ಅಷ್ಟೂ ತಲೆಗಳ ಆಚೆ ಶೆಡ್ಡಿನ ಕಡೆ ಹುಡುಕುತ್ತಿದ್ದಳು.

ಮ್ಯಾನೇಜರ್ ಪೈಪಮ್ಮನ ರಟ್ಟೆ ಹಿಡಿದ. ಅವಳು ಕಕ್ಕಿದ್ದು ಬಳಿದ ಬಟ್ಟೆಯನ್ನು ಅವನ ಎದೆಗೆ ಒತ್ತಿದಳು. ಅವನು ಥೂ ಎಂದು ಕೈ ಬಿಟ್ಟ.

"ಓ! ಇಲ್ಲೇ ಇದೀನಿ ಮಗಾ," ಎಂದು ಮೈದಾನಕ್ಕೆಲ್ಲ ಕೇಳುವಂತೆ ಕೂಗಿದಳು. "ಸತ್ತಿಲ್ಲ. ಬಂದೆ ತಾಳು."

ಮೆಟ್ಟಿಲಿಳಿದು ನಡೆದಳು. ಬೂಟಿನೊಳಗಿನ ನೀರು ಹೆಜ್ಜೆಹೆಜ್ಜೆಗೂ ಪಚಕ್ ಪಚಕ್ ಎನ್ನುತ್ತಿತ್ತು. ಮಕ್ಕಳು ಸಾಲು ಬಿಟ್ಟು ದಾರಿ ಕೊಟ್ಟರು. ದೊಡ್ಡ ಮೇಡಮ್ ಒಂದು ಕೈಯಿಂದ ಮೈಕಿನ ಬಾಯಿ ಮುಚ್ಚಿ, ಇನ್ನೊಂದು ಕೈಯಿಂದ ಮಗುವನ್ನು ಹಿಂದಕ್ಕೆ ಎಳೆಯುತ್ತಿದ್ದರು. ಆದರೂ ಮಗು ಕರೆಯುತ್ತಲೇ ಇತ್ತು. ಅವಳು ಪ್ರತಿ ಸಲವೂ ಓ ಅನ್ನುತ್ತ, ಅನ್ನುತ್ತ ನಡೆದಳು.