ಮ್ಯಾಚಿಂಗ್ ಸೆಂಟರಿನ ಬೆಳಕು

ಅತ್ತೆಯಾಗಬೇಕಾದವರಿಗೆ ಉಪಕಾರ ಮಾಡಲು ಹೋಗಬಾರದು. ಇದು ನಾನು, ಎಲೆಕ್ಟ್ರಿಶಿಯನ್ ಅಝೀಮ, ಏಣಿ ಹತ್ತಿ ಕಲಿತ ಪಾಠ.

ಬೆಟಗೇರಿಯ ಒಂದು ಕಾಂಪ್ಲೆಕ್ಸಿನ ಮಾಲೀಕರು ಅಂಗಡಿಗಳ ಟ್ಯೂಬ್‌ಲೈಟುಗಳನ್ನೆಲ್ಲ ತೆಗೆದು ಎಲ್‌ಇಡಿ ಹಾಕುವ ಕೆಲಸವನ್ನು ನನಗೆ ಒಪ್ಪಿಸಿದರು. ನಾನು ಮೊದಲು ಏಣಿ ಇಟ್ಟದ್ದು ಮಹಡಿಯ ಮೇಲಿನ ರಮಜಾನಬಿಯವರ ಮ್ಯಾಚಿಂಗ್ ಸೆಂಟರಿನಲ್ಲಿ. ಸೀರೆ ತಂದು ತೋರಿಸಿದರೆ ಅದೇ ಬಣ್ಣದ ಜಂಪರ್ ಪೀಸ್, ಅಂದರೆ ರವಿಕೆ ಬಟ್ಟೆ, ಕತ್ತರಿಸಿ ಕೊಡುವ ಅಂಗಡಿ ಅದು. ಒಂದು ಕಿಟಕಿಯೂ ಇಲ್ಲ. ಅವರ ಮಗಳು ಕೌಸರ ಅಲ್ಲೇ ಕೂರುತ್ತಾಳೆ. ಏಣಿ ಅಲ್ಲೇ ಯಾಕೆ ಇಟ್ಟೆ ಎಂದು ಇನ್ನು ಬಿಡಿಸಿ ಹೇಳಬೇಕೇ?

ಹಳೆಯ ಟ್ಯೂಬಿನ ಪಟ್ಟಿಯಿಂದ ಚೋಕು, ಸ್ಟಾರ್ಟರ್ ಕಿತ್ತೆ. ವೈರು ನೇರ ಕೂಡಿಸಿ, ಪೇಟೆಯಲ್ಲಿ ಸಿಕ್ಕ ಅತಿ ಬೆಳ್ಳನೆಯ ಎಲ್‌ಇಡಿ ಹಾಕಿದೆ. ಸ್ವಿಚ್ ಒತ್ತಿದೊಡನೆ ಅಂಗಡಿಯೆಲ್ಲ ಹಾಲು ಚೆಲ್ಲಿದಂತಾಯಿತು. ರಮಜಾನಬಿ ಮಾಶಾ ಅಲ್ಲಾ ಎಂದರು. ಕೌಸರ ಮಾತ್ರ ಒಂದು ಬಟ್ಟೆಯನ್ನು ತಿರುವಿ ಹಾಕಿ ನೋಡಿ, ಬಣ್ಣ ಬೇರೆಯಾಗಿ ಕಾಣುತ್ತದೆ ಎಂದಳು. ಹೊಸತರಲ್ಲಿ ಹಾಗೇ, ಕಣ್ಣು ರೂಢಿಯಾಗುತ್ತದೆ ಎಂದು ನಾನು ದೊಡ್ಡ ಶಾಣ್ಯಾನ ಹಾಗೆ ಹೇಳಿ ಏಣಿ ಮಡಚಿದೆ.

ಕೌಸರಳ ವಿಷಯ ನಾನು ಮನೆಯಲ್ಲಿ ಹೇಳಿದೆ. ನಮ್ಮ ಮನೆತನಗಳಲ್ಲಿ ಹೆಣ್ಣು ಕೇಳುವ ಮೊದಲು ಹುಡುಗನ ತಾಯಿ ತನ್ನ ಗುರುತು ಹೇಳದೆ ಒಮ್ಮೆ ಹೋಗಿ ನೋಡಿ ಬರುವ ರೂಢಿ ಇದೆ. ಸೊಸೆಗೆಂದು ಯಾವತ್ತೋ ಕೊಂಡಿಟ್ಟಿದ್ದ ಬದನೆಕಾಯಿ ಬಣ್ಣದ ಸೀರೆ ಹಿಡಿದು, ನಮ್ಮಮ್ಮ ಅಮೀನಬಿ ಗಿರಾಕಿಯಂತೆ ಹೊರಟಳು. ನಾನೇ ಬೈಕಿನಲ್ಲಿ ಒಯ್ದು ಮೆಟ್ಟಿಲ ಬುಡದಲ್ಲಿ ಇಳಿಸಿದೆ. ರಮಜಾನಬಿ ಸೀರೆಯ ಮೇಲೆ ಒಂದು ಪೀಸ್ ಇಟ್ಟು ನೋಡಿದರಂತೆ. ಎರಡೂ ಒಂದೇ ಬಣ್ಣ. ಕತ್ತರಿಸಿ ಕೊಟ್ಟರು. ಹುಡುಗಿ ಮಾತ್ರ ಕಣ್ಣಿಗೆ ಬೀಳಲಿಲ್ಲ ಎಂದು ಅಮ್ಮ ದಾರಿಯುದ್ದಕ್ಕೂ ಗೊಣಗಿದಳು.

ಮನೆಯ ಅಂಗಳದ ಬಿಸಿಲಿಗೆ ಬಿಚ್ಚಿದರೆ ಸೀರೆ ಬದನೆಕಾಯಿ, ಜಂಪರ್ ಪೀಸ್ ಶಾಯಿ ನೀಲಿ!

"ತಾಯಿಗೆ ಬಣ್ಣಾನ ಕಾಣಂಗಿಲ್ಲ, ಮಗಳಿಗೆ ಏನ್ ಕಾಣತಾವು?" ಎಂದಳು ಅಮ್ಮ. "ನಾಳೆ ಮೊಮ್ಮಕ್ಕಳಿಗೂ ಅವ ಕಣ್ಣು ಬರ್ತಾವು. ಈ ಸಂಬಂಧ ಬ್ಯಾಡಲೇ."

ಕೌಸರ ಅಂದ ಮಾತು ಆಗ ನೆನಪಾಯಿತು: ಇದು ನಾನು ಹಾಕಿದ ಲೈಟಿನ ಕೆಲಸ. ತಪ್ಪು ಕಣ್ಣಿನದೆಂದರೆ ಅಮ್ಮ ಒಲ್ಲೆ ಎನ್ನುತ್ತಾಳೆ. ಲೈಟಿನದೆಂದರೆ ರಮಜಾನಬಿ ನನ್ನನ್ನು ಹೊಸ್ತಿಲು ತುಳಿಯಗೊಡುವುದಿಲ್ಲ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ ಅನ್ನುತ್ತಾರಲ್ಲ, ಅದು ನಾನೇ. ಬೈಕ್ ಒರೆಸಲು ಎದ್ದು ಹೋದೆ.

ಮರುದಿನ ಅಮ್ಮ ಬಟ್ಟೆ ವಾಪಸ್ ಕೊಡಲು ಹೋದಳು. ನಾನು ಪಕ್ಕದ ಚಪ್ಪಲಿ ಅಂಗಡಿಯಲ್ಲಿ ಏಣಿಯ ಮೇಲಿದ್ದೆ, ಎಲ್ಲ ಕೇಳಿಸುತ್ತಿತ್ತು. ಕತ್ತರಿಸಿದ ಬಟ್ಟೆ ವಾಪಸ್ ಇಲ್ಲ ಎಂದರು ರಮಜಾನಬಿ. ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಎಂದಳು ಅಮ್ಮ. ಇಷ್ಟು ವರ್ಷ ತಮ್ಮ ಕಣ್ಣಿಗೆ ಯಾರೂ ಬೆರಳು ತೋರಿಸಿಲ್ಲ ಎಂದು ಅವರು ಸಿಡಿದರು. ಇಬ್ಬರೂ ಎದ್ದು ಸೀರೆಯನ್ನೂ ಬಟ್ಟೆಯನ್ನೂ ಹೊರಗಿನ ಬಿಸಿಲಿಗೆ ಹಿಡಿದರು. ಅಲ್ಲಿ ರಮಜಾನಬಿಯ ಮುಖ ಕಪ್ಪಿಟ್ಟಿತು.

"ಎಲ್ಲಾ ಆ ಲೈಟಿಂದು," ಎಂದರು. "ಅದನ್ನ ಹಾಕಿದಾಂವನ ಕೈಯಾಗ ನಾ ಒಂದು ಕೋಳೀನೂ ಕೊಡಂಗಿಲ್ಲ."

"ಅಂವ ನನ್ನ ಮಗ," ಎಂದಳು ಅಮ್ಮ.

ಹೋಯಿತು. ಕೋಳಿಯನ್ನೇ ಕೊಡದವರು ಮಗಳನ್ನು ಕೊಡುತ್ತಾರೆಯೇ? ನಾನು ಏಣಿಯಿಂದ ಇಳಿದು ಬಂದು, ತಪ್ಪು ನನ್ನದೇ, ಅಂಥ ಲೈಟು ತಂದದ್ದು ನಾನು ಎಂದೆ. ಯಾರೂ ನನ್ನತ್ತ ನೋಡಲೂ ಇಲ್ಲ.

ಆಗ ಅಂಗಡಿಯ ಒಳಗಿನ ಪರದೆಯ ಹಿಂದಿನಿಂದ ಕೌಸರ ಬಂದಳು. ಲೈಟು ಹಾಕಿದ ದಿನವೇ ತನಗೆ ಗೊತ್ತಾಗಿತ್ತು, ಅಂದಿನಿಂದ ಕತ್ತರಿ ಹಾಕುವ ಮೊದಲು ಪ್ರತಿ ಬಟ್ಟೆಯನ್ನೂ ಹೊರಗೆ ಒಯ್ದು ಬಿಸಿಲಿಗೆ ಹಿಡಿದು ನೋಡಿಕೊಂಡು ಬರುತ್ತಿದ್ದೆ ಎಂದಳು. ಹಾಗಾದರೆ ತನ್ನ ಬಟ್ಟೆ ಯಾಕೆ ನೋಡಲಿಲ್ಲ ಎಂದು ಅಮ್ಮ ಕೇಳಿದಳು.

ಕೌಸರ ದುಪಟ್ಟಾದ ತುದಿ ತಿರುವಿದಳು. "ನೀವು ಇವರ ಬೈಕಿನಿಂದ ಇಳಿಯೂದನ್ನ ಹೊರಗ ನಿಂತು ಮ್ಯಾಲಿಂದ ನೋಡಿದ್ನಿರಿ. ಯಾಕ ಬಂದೀರಿ ಅಂತ ತಿಳೀತು. ನಾಚಿಕಿ ಬಂದು ಪರದೆ ಹಿಂದ ಕುಂತೆ."

ಅಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಸಿಟ್ಟೆಲ್ಲ ಬೆಣ್ಣೆಯಂತೆ ಕರಗಿತ್ತು. ಅಷ್ಟು ಎತ್ತರದಿಂದ ತನ್ನ ಗುರುತು ಹಿಡಿದ ಹುಡುಗಿಯ ಕಣ್ಣಿಗೆ ಏನಾಗಿದೆ ಎಂದು ತಿರುಗಿ ನನ್ನನ್ನೇ ಬೈದಳು.

ರಮಜಾನಬಿ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಅಂಗಡಿಗೆ ಹಳೆಯ ಟ್ಯೂಬ್‌ಲೈಟ್ ಬರುವವರೆಗೆ ನಿಕಾಹ್ ಮಾತಿಲ್ಲ ಎಂದರು. ಚೋಕು ಇಲ್ಲದೆ ಆ ಟ್ಯೂಬು ಹತ್ತುವುದಿಲ್ಲ, ಕಿತ್ತ ಚೋಕುಗಳನ್ನು ನಾನು ಗುಜರಿಗೆ ಹಾಕಿಬಿಟ್ಟಿದ್ದೆ. ಲಕ್ಷ್ಮೇಶ್ವರದ ಗುಜರಿಯವರೆಗೂ ಅಲೆದು ಒಂದನ್ನು ಹುಡುಕಿ ತಂದೆ. ಊರಿಗೆಲ್ಲ ಎಲ್‌ಇಡಿ ಹಾಕಿದವನು ಅಲ್ಲೊಂದು ಕಡೆ ಮತ್ತೆ ಗುಂಯ್‌ಗುಡುವ ಟ್ಯೂಬು ಕೂರಿಸಿದೆ.

ಆ ನೀಲಿ ಬಟ್ಟೆಯನ್ನು ಬಿಸಾಡೋಣವೆಂದರೆ ಕೌಸರ ಕೇಳಲಿಲ್ಲ. ಶಾದಿ ಮಹಲಿನಲ್ಲೂ ನಾನು ಹಾಕಿದ್ದು ಅದೇ ಲೈಟು, ಅಲ್ಲಿ ಬಣ್ಣ ಒಂದೇ ಕಾಣುತ್ತದೆ ಎಂದು ಅದನ್ನೇ ಹೊಲಿಸಿ ಮದುವೆಯ ದಿನ ಆ ಬದನೆಕಾಯಿ ಸೀರೆಗೆ ತೊಟ್ಟಳು. ಒಳಗೆ ಯಾರಿಗೂ ಏನೂ ಗೊತ್ತಾಗಲಿಲ್ಲ. ಬೀಳ್ಕೊಡಲು ಮಧ್ಯಾಹ್ನದ ಬಿಸಿಲಿಗೆ ಕರೆತಂದರು ನೋಡಿ, ನಮ್ಮ ಕಡೆಯ ಹೆಂಗಸರೆಲ್ಲ ಮದುಮಗಳ ಜಂಪರನ್ನೂ ರಮಜಾನಬಿಯ ಮುಖವನ್ನೂ ನೋಡತೊಡಗಿದರು.

ರಮಜಾನಬಿ ನನ್ನ ತೋಳು ಹಿಡಿದು ಮುಂದಕ್ಕೆ ಎಳೆದರು.

"ನನ್ನ ಕಣ್ಣಿಂದ ತಪ್ಪಲ್ಲರಿ," ಎಂದರು. "ನಮ್ಮ ಅಳಿಯಾನ ಲೈಟಿಂದು."

ಅವರು ನನ್ನನ್ನು ಅಳಿಯ ಎಂದದ್ದು ಅದೇ ಮೊದಲು. ಅಷ್ಟೂ ಜನರ ಮುಂದೆ ನಾನು ಹೌದೆಂದು ತಲೆಯಾಡಿಸಿದೆ.