ಒಂದು ಗೇಣು ಕೆರೆಮಣ್ಣು

ಮುಂಬಯಿಯಲ್ಲಿ ಏನು ಬೇಕಾದರೂ ಸಿಗುತ್ತದೆ ಎಂದು ಜಂಬ ಕೊಚ್ಚುವವರು ಒಂದು ಹಿಡಿ ಒಳ್ಳೆಯ ಎತ್ತಿನ ಮಣ್ಣು ಹುಡುಕಿ ತೋರಿಸಲಿ. ಮಣ್ಣೆತ್ತಿನ ಅಮಾವಾಸ್ಯೆ ಬಂದಾಗಲೆಲ್ಲ ಹಾಲವ್ವನಿಗೆ ಇದೇ ಪೇಚು. ದಹಿಸರದ ಚಾಳಿನ ಸುತ್ತ ಇರುವುದು ಗಟಾರದ ಕೆಸರು. ಅದರಲ್ಲಿ ಎತ್ತು ಮಾಡಿಟ್ಟರೆ ದೇವರೇ ಮೂಗು ಮುಚ್ಚಿಕೊಳ್ಳಬೇಕು. ಹನ್ನೆರಡು ವರ್ಷದಿಂದ ಅವಳ ಮನೆಯಲ್ಲಿ ಎತ್ತಿನ ಪೂಜೆಯೇ ಆಗಿರಲಿಲ್ಲ.

ಹಾಲವ್ವ ಕಾಂದಿವಲಿಯ ಒಂದು ಲ್ಯಾಬಿನಲ್ಲಿ ಕಸ ಗುಡಿಸಿ ನೆಲ ಒರೆಸುತ್ತಿದ್ದಳು. ಅಲ್ಲಿನ ವಿನೋದಿನಿ ಮೇಡಮ್ ರಾಜಸ್ಥಾನದ ಒಣಬಯಲಿನಲ್ಲಿ ಎಂದೋ ಬತ್ತಿದ ಕೆರೆಗೆ ಕೊಳವೆ ಇಳಿಸಿ, ತಳದ ಮಣ್ಣನ್ನು ಉದ್ದಕ್ಕೆ ಹಾಗೆಯೇ ಎತ್ತಿ ತಂದಿದ್ದಳು. ಗ್ರಾಂಟ್ ರೋಡಿನ ಹೋಟೆಲಿನವರ ಮಗಳು, ಕನ್ನಡ ತಡವರಿಸುತ್ತಿತ್ತು. ಆದರೂ ಒಮ್ಮೆ ಟ್ರೇ ತೆರೆದು ಹಾಲವ್ವನಿಗೆ ತೋರಿಸಿದ್ದಳು.

"ಮೌಶಿ, ಇಲ್ಲಿ ಕಪ್ಪು ಇದೆ ನಾ, ಆಗ ನೀರು ತುಂಬಾ ಇತ್ತು. ಇಲ್ಲಿ ಬಿಳಿ, ಸಬ್ ಸೂಖ್ ಗಯಾ. ನಡುವೆ ಈ ಒಂದು ಗೇಣು... ಮಳೆ ಒಮ್ಮೆಲೇ ನಿಂತಿತಾ, ಸ್ಲೋಲೀ ನಿಂತಿತಾ, ಇದರಲ್ಲೇ ಗೊತ್ತಾಗಬೇಕು."

ಆ ಗೇಣಿನೊಳಗೆ ನಾನೂರು ವರ್ಷ ಪದರಪದರವಾಗಿ ಕೂತಿತ್ತು. ಕೆರೆಯ ಜಾಗದಲ್ಲಿ ಈಗ ಕಾರ್ಖಾನೆ ಎದ್ದಿದೆ, ಇನ್ನೊಮ್ಮೆ ಕೊಳವೆ ಇಳಿಸುವ ಮಾತೇ ಇಲ್ಲ. ಹಾಲವ್ವ ಎಲ್ಲದಕ್ಕೂ ಹೂಂಗುಟ್ಟಿದಳು. ಆದರೆ ಮಣ್ಣು ಕಂಡ ಮೇಲೆ ಅವಳ ಕಿವಿ ಕೆಲಸ ಮಾಡಬೇಕಲ್ಲ! ಕಪ್ಪು ಕೈಗಂಟುತ್ತದೆ, ಬಿಳಿ ಉದುರುತ್ತದೆ. ನಡುವಿನ ಮಣ್ಣು ಮಾತ್ರ ಎತ್ತಿಗೆಂದೇ ಹದವಾಗಿತ್ತು.

ಅಮಾವಾಸ್ಯೆಗೆ ಮೇಡಮ್ ಪುಣೆಗೆ ಹೋಗಿದ್ದಳು. ಹಾಲವ್ವ ಆ ಗೇಣು ಮಣ್ಣನ್ನು ಡಬ್ಬಿಯಲ್ಲಿ ಹಾಕಿಕೊಂಡು ಲೋಕಲ್ ಹತ್ತಿದಳು. ಅವಳ ಮನಸ್ಸಿನಲ್ಲಿ ಅದು ಕಳವಲ್ಲ. ಪೂಜೆ ಮುಗಿದ ಮೇಲೆ ಮಣ್ಣನ್ನು ತಂದ ಕಡೆಗೇ ಸೇರಿಸುವುದು ಅವಳ ತವರಿನ ರೂಢಿ. ಜೋಡಿ ಎತ್ತು ಮಾಡಿದಳು, ಹೋಳಿಗೆ ಎಡೆ ಹಿಡಿದಳು. ಎತ್ತನ್ನೇ ಮುಟ್ಟಿ ನೋಡದ ಮೊಮ್ಮಗಳು ಸಪ್ನಾ ಅವುಗಳ ಡುಬ್ಬ ಸವರಿದಾಗ ಮುದುಕಿಗೆ ಕಣ್ಣೀರೇ ಬಂತು. ಮೂರನೇ ದಿನ ಅಷ್ಟೂ ಮಣ್ಣನ್ನು ಟ್ರೇಯಲ್ಲಿ ತುಂಬಿ, ಒದ್ದೆ ಕೈಯಿಂದ ನುಣ್ಣಗೆ ಸವರಿಟ್ಟಳು.

ಮೇಡಮ್ ಬಂದು ಟ್ರೇಯ ಪ್ಲಾಸ್ಟಿಕ್ ಬಿಚ್ಚಿದಳು. ನಡುವಿನ ಗೇಣಿನಲ್ಲಿ ಪದರದ ಒಂದು ಗೆರೆಯೂ ಇರಲಿಲ್ಲ. ಅಂಚಿನಲ್ಲಿ ಕುಂಕುಮದ ಚುಕ್ಕೆಯೊಂದಿತ್ತು.

"ನಾನ ಒಯ್ದಿದ್ದೆರಿ, ಎತ್ತ ಮಾಡಾಕ," ಎಂದಳು ಹಾಲವ್ವ ಸಲೀಸಾಗಿ. "ಎಲ್ಲಾ ತಂದಿಟ್ಟೀನ್ರಿ. ಒಂದ್ ಚೂರೂ ಕಡಿಮಿ ಇಲ್ಲ, ಬೇಕಾದ್ರ ತೂಗಿ ನೋಡ್ರಿ."

"ಕಲಸಿದ್ರಾ, ಮೌಶಿ?"

"ನೀರ ಹಾಕಿ ಚಲೋ ನಾದೀನ್ರಿ."

ವಿನೋದಿನಿ ಆಗತಾನೆ ಒರೆಸಿದ ಹಸಿ ನೆಲದ ಮೇಲೆಯೇ ಕೂತುಬಿಟ್ಟಳು. ಅವಳ ಮುಖ ನೋಡಿದ ಮೇಲೆ ಹಾಲವ್ವನಿಗೆ ಮೇಡಮ್ ಅಂದು ಹೇಳಿದ್ದೆಲ್ಲ ಒಂದೊಂದಾಗಿ ಈಗ ಕೇಳಿಸತೊಡಗಿತು.

"ತಪ್ಪಾತ್ರಿ. ಬೈರಿ ಮೇಡಮ್, ಬೇಕಾದ್ರ ನಾಕ ಏಟ ಬಡೀರಿ."

ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ವಿನೋದಿನಿ ಮಗುವನ್ನು ಕೇಳುವಂತೆ ಮೆಲ್ಲಗೆ ಕೇಳಿದಳು: "ಮೇಲಿನದು ಯಾವುದು, ಕೆಳಗಿನದು ಯಾವುದು... ನೆನಪಿದೆಯಾ? ಥೋಡಾ ಭೀ?"

ಹಾಲವ್ವ ಕಣ್ಣು ಮುಚ್ಚಿ ಎರಡೂ ಅಂಗೈ ತೆರೆದಳು. ಕೋಡಿಗೆ ಎಲ್ಲಿಯ ಮಣ್ಣು ಹಾಕಿದೆ, ಡುಬ್ಬಕ್ಕೆ ಎಲ್ಲಿಯದು, ಕಾಲಿಗೆ ಎಲ್ಲಿಯದು? ಎಷ್ಟು ತಡಕಾಡಿದರೂ ಏನೂ ನೆನಪಾಗಲಿಲ್ಲ. ಎತ್ತಿಗೆ ಒಂದು ಬಿರುಕೂ ಬಾರದಿರಲೆಂದು ಅವಳು ಅದನ್ನು ಬೆಣ್ಣೆಯ ಹಾಗೆ ನಾದಿದ್ದಳು.